ಉಲ್ಟಾ ಬರೆಯುವವಳು

ನನ್ನ ಕಸುಬು ಉಲ್ಟಾ ಬರೆಯುವುದು.
ಗಾಜಿನ ಫಲಕದ ಮೇಲೆ, ಬಲದಿಂದ ಎಡಕ್ಕೆ,
ಬಾಲ ಮೊದಲು, ತಲೆ ಆಮೇಲೆ,
ನಾಲ್ಕೇ ಕೂದಲಿನ ಕುಂಚ, ಕರಿ ಮಸಿ.
ಕಾಗದಕ್ಕಿಳಿದಾಗ ಅಕ್ಷರ ನೆಟ್ಟಗಾಗುತ್ತದೆ, ಬೆಳ್ಳಗಾಗುತ್ತದೆ.
ಫಾಲ್ಮತ್ತಿನಲ್ಲಿ ಚಿತ್ರ ತೆಗೆಯುವವನು ಪೆನ್‌ರೋಸ್;
ಇದು ಇಂಥದ್ದು ಎಂದು ಊರಿಗೆ ಹೇಳುವವಳು ನಾನು,
ತಾಮ್ಸಿನ್ ಕರ್ನೋ, ವಾರಕ್ಕೆ ಒಂಬತ್ತು ಶಿಲ್ಲಿಂಗ್.
ದೋಣಿ ಪಂದ್ಯ, ಭಾನುವಾರ ಶಾಲೆಯ ಪಿಕ್ನಿಕ್,
ಬಹುಮಾನ ಗೆದ್ದ ಹಂದಿ, ಎಲ್ಲಕ್ಕೂ ಒಂದೇ ಕೈಬರಹ.

ಮಂಗಳವಾರದ ಮಂಜಿನಲ್ಲಿ ನೌಕಾಪಡೆಯ ಸ್ಯಾಂಡರ್ಲಿಂಗ್
ಮ್ಯಾನಕಲ್ಸ್ ಬಂಡೆಗೆ ಹೊಟ್ಟೆ ಕೊಟ್ಟಿತು.
ಮ್ಯಾನಕಲ್ಸ್ ಅಂದರೆ ಕೈಕೋಳ.
ನಮ್ಮ ಅಜ್ಜಂದಿರು ಬಂಡೆಗಳಿಗೆ ಮುದ್ದಿನ ಹೆಸರಿಡುತ್ತಿರಲಿಲ್ಲ.

ಗುರುವಾರ ಬೆಳಗ್ಗೆ ಆರು ಫಲಕ ನನ್ನ ಮೇಜಿನ ಮೇಲೆ.
ಎರಡರಲ್ಲಿ ಬರೀ ಚಿಮಣಿ, ಅಲೆ, ಹುಡುಕುವ ದೋಣಿ.
ಒಂದರಲ್ಲಿ ದಡದುದ್ದಕ್ಕೂ ಕಂಬಳಿ ಮುಚ್ಚಿದ ಸಾಲು;
ಇದಕ್ಕೇನು ಬರೆಯಲಿ, ಎಂದೆ.
'ಅದನ್ನು ಮಾರುವುದಿಲ್ಲ,' ಎಂದ ಪೆನ್‌ರೋಸ್, 'ಸದ್ಯಕ್ಕೆ.'

ನಾಲ್ಕನೆಯದು ಬದುಕಿದವರದು.
ಪೋರ್ತೌಸ್ಟಾಕ್‌ನ ಚಾಪೆಲ್ ಗೋಡೆಗೆ ಆತು ಹದಿಮೂರು ಜನ,
ಗಾಜಿನಲ್ಲಿ ಕರಿ ಮುಖ, ಬಿಳಿ ಕಣ್ಣಾಲಿ,
ಮೈಮೇಲೆ ಹಳ್ಳಿಯವರ ಕೈಗೆ ಸಿಕ್ಕಿದ್ದೆಲ್ಲ:
ಪಾದ್ರಿಯ ಕೋಟು, ಯಾರದೋ ಮದುವೆಯ ವೇಸ್ಟ್‌ಕೋಟು,
ಮೊಣಕೈ ಹರಿದ ಸ್ವೆಟರು.
ಷರಾಯಿ ಮುಗಿದುಹೋಗಿತ್ತೆಂದು
ತುದಿಯಲ್ಲಿ ನಿಂತ ಹುಡುಗನಿಗೆ ಒಬ್ಬ ಮುದುಕಿಯ ಲಂಗ.
ಅವನು ನಗುತ್ತಿದ್ದಾನೆ. ಬಾಯಿ ಅಗಲಿಸಿ,
ಕಿರುನಾಲಿಗೆ ಕಾಣುವಷ್ಟು.

'ಬಾಯಿ ಮುಚ್ಚಿಸು,' ಎಂದ ಪೆನ್‌ರೋಸ್.
'ನಲವತ್ತೊಂದು ಜನ ಸತ್ತಿದ್ದಾರೆ.
ನಗುವವನಿಗೆ ಯಾರು ಪೆನ್ನಿ ಕೊಡುತ್ತಾರೆ?'
ತೆರೆದ ಬಾಯಿಯ ಕತ್ತಲೆ ಗಾಜಿನಲ್ಲಿ ಬರೀ ಬಯಲು.
ಮೊನೆ ಮಾಡಿದ ಪೆನ್ಸಿಲಿನಿಂದ ಚುಕ್ಕೆ ಚುಕ್ಕೆ ತುಂಬಿದೆ.
ಕಾಲು ಗಂಟೆಯಲ್ಲಿ ಹುಡುಗ ದುಃಖಿತನಾದ.
ಕೆಳಗೆ ಬರೆದೆ: ಸ್ಯಾಂಡರ್ಲಿಂಗ್, ಉಳಿದವರು.

ಶನಿವಾರದೊಳಗೆ ಎರಡು ಸಾವಿರ ಕಾರ್ಡು ಖರ್ಚು.
ಅಂಗಡಿಯ ಕಟ್ಟೆಯ ಮೇಲೇ ಜನ ಹಿಂಬದಿ ಬರೆದರು;
ಕಳ್ಳಗಣ್ಣಲ್ಲಿ ಓದಿದೆ,
ನೆಟ್ಟಗೆ ಬರೆದಿದ್ದು ಓದಲು ನನಗೆ ಕೊಂಚ ನಿಧಾನ:
ಹವೆ ಒಳ್ಳೆಯದಿದೆ. ಅತ್ತೆಯ ಕೆಮ್ಮು ಇಳಿದಿದೆ.
ಭಾನುವಾರದ ರೈಲಿಗೆ ಬರುತ್ತೇನೆ, ಕೋಳಿ ಕೊಯ್ಯಬೇಡಿ.
ಒಬ್ಬ ಮಾತ್ರ ಎರಡನೇ ಸಾಲಿನವನ ನೆತ್ತಿಯ ಮೇಲೆ ಗೀಟೆಳೆದು
ಈ ವೇಸ್ಟ್‌ಕೋಟು ನಮ್ಮಪ್ಪನದು, ಎಂದು ಬರೆದ.

ಮುಂದಿನ ವಾರ ಡೆವನ್‌ಪೋರ್ಟ್‌ನಿಂದ ಒಬ್ಬಾಕೆ ಬಂದಳು,
ಲಸ್ಕೊಂಬ್ ಎಂದು ಹೆಸರು.
ಕೈಯಲ್ಲಿ ಕಾರ್ಡು, ಬೆವರಿಗೆ ಮೂಲೆ ಮೆತ್ತಗಾಗಿತ್ತು.
ಲಂಗದ ಹುಡುಗ ಅವಳ ಸೈಲಸ್.
ಸಮುದ್ರ ಬಿಟ್ಟುಕೊಟ್ಟವನನ್ನು ಶುಕ್ರವಾರ ಆಸ್ಪತ್ರೆಯಲ್ಲಿ
ಎದೆಯೊಳಗೆ ನಿಂತ ನೀರು ತೆಗೆದುಕೊಂಡಿತ್ತು.
'ಬಟ್ಟೆ ಅವನದಲ್ಲ, ಸರಿ,' ಎಂದಳು,
'ಈ ಬಾಯಿ ಯಾರದು?'

ಪೆನ್‌ರೋಸ್ ಊಟಕ್ಕೆ ಹೋಗಿದ್ದ.
ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಉಜ್ಜಿದೆ.
ಬಾಯಿ ಹೋಯಿತು, ಬಾಯಿ ಬಂತು,
ಉಜ್ಜಿದ ಭರಕ್ಕೆ ಕೆಳಗಿನ ಅಕ್ಷರವೂ ಅಳಿಸಿತು.
ಅಲ್ಲಿ ಅವನ ಹೆಸರು ಬರೆದೆ. ಕೈ ನಡುಗುತ್ತಿತ್ತು;
ಹನ್ನೊಂದು ವರ್ಷದ ಅಭ್ಯಾಸ ತಪ್ಪಿ
ಸ್ಲೇಟು ಹಿಡಿದ ಮಗುವಿನ ಹಾಗೆ ನೆಟ್ಟಗೆ ಬರೆದುಬಿಟ್ಟೆ.

ಒಂದೇ ಪ್ರತಿ. ಒದ್ದೆ ಕಾಗದದಲ್ಲಿ ಮೊದಲು ಲಂಗ ಮೂಡಿತು,
ಆಮೇಲೆ ನಗು. ಹೆಸರು ಉಲ್ಟಾ ನಿಂತಿತ್ತು.
ತಿದ್ದಿಕೊಡುತ್ತೇನೆ, ಅಮ್ಮಾ, ಎಂದೆ.
ಆಕೆಗೆ ಓದು ಬಾರದು. ಬೆರಳಿನಿಂದ ಅಕ್ಷರ ಸವರಿದಳು,
ಸರಿಯಾಗಿದೆ, ಎಂದಳು.

ಆಕೆ ಹೋದಮೇಲೆ ಮತ್ತೆ ಪೆನ್ಸಿಲು ಕೆತ್ತಿಕೊಂಡೆ.
ಟ್ರೂರೋದ ಅಂಗಡಿಗೆ
ಐನೂರು ಕಾರ್ಡು ಬಾಕಿ ಇತ್ತು.